ಮಂದಗತಿಯ ಯಂತ್ರವೂ ಅವಸರದ ನಿರ್ಣಯವೂ

ನವಲಗುಂದ ತಾಲೂಕಿನ ನಮ್ಮ ಊರಲ್ಲಿ ನೆರೆಮನೆಯ ರೈತ ಗೃಹಸ್ಥರೊಬ್ಬರು ಹೆಸರುಕಾಳು ಮಾರಿ ಬಂದ ಹಣದಿಂದ, ಕಾಲೇಜಿನಲ್ಲಿ ಓದುವ ತಮ್ಮ ಮಗಳಿಗೆ ಹುಬ್ಬಳ್ಳಿಯ ಅಂಗಡಿಯೊಂದರಿಂದ ಬಳಸಿದ ಲ್ಯಾಪ್‌ಟಾಪೊಂದನ್ನು ತಂದುಕೊಟ್ಟಿದ್ದರು. ಎರಡು ತಿಂಗಳು ನೆಟ್ಟಗೆ ನಡೆದ ಆ ಯಂತ್ರವು ಒಮ್ಮೆಲೆ ಮಂದವಾಯಿತು. ಹುಡುಗಿಯು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಕೂಡಿ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ವೇಗವನ್ನು ನೋಡಿದಳು. ಪಾವತಿಯಲ್ಲಿ ಬರೆದದ್ದು 2.40 ಗಿಗಾಹರ್ಟ್ಸ್, ಯಂತ್ರ ತೋರಿಸಿದ್ದು 0.79 ಮಾತ್ರ. "ಮಾಸ್ತರರೇ, ನಾವು ಮೋಸ ಹೋದೆವು; ಅಂಗಡಿಯವನಿಗೊಂದು ಖಡಕ್ಕಾದ ಪತ್ರ ಬರೆದುಕೊಡಿರಿ" ಎಂದು ತಂದೆಯು ನಮ್ಮಲ್ಲಿಗೆ ಬಂದನು. ನಾವೂ ಲೇಖಣಿಯ ಅಭಿಮಾನದಿಂದ ಅರ್ಧ ತಾಸಿನಲ್ಲಿ ಬರೆದುಬಿಟ್ಟೆವು. ಅದರಲ್ಲಿ 'ವಂಚಕ' ಎಂಬ ಶಬ್ದವು ಎರಡು ಸಲ ಬಂದಿತ್ತು. ಹುಬ್ಬಳ್ಳಿಯ ಕಡೆಯ ಬಸ್ಸು ಹೋಗಿಬಿಟ್ಟಿದ್ದುದು ನಮ್ಮ ಪುಣ್ಯ.

ಆ ರಾತ್ರಿ ನಾವು ವಿಚಾರಕ್ಕೆ ತೊಡಗಿದೆವು. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 100 ಕೋಟಿ ಮಿಡಿತ. ಇಂಥ ಬಹುತೇಕ ಯಂತ್ರಗಳಲ್ಲಿ ಸೆಕೆಂಡಿಗೆ 10 ಕೋಟಿ ಮಿಡಿತದ ಒಂದು ಮೂಲಗತಿ ಇದ್ದು, ಅದನ್ನು 24ರಿಂದ ಗುಣಿಸಿದರೆ 2.40, 8ರಿಂದ ಗುಣಿಸಿದರೆ 0.80 ಆಗುವದು. ಕೆಲಸವಿಲ್ಲದಾಗ ವಿದ್ಯುತ್ತು ಉಳಿಯಲೆಂದೂ ಕಾವು ಏರದಿರಲೆಂದೂ ಯಂತ್ರವು ತಾನಾಗಿಯೇ ಈ ಗುಣಕವನ್ನು ಇಳಿಸಿಕೊಳ್ಳುವದು. ಕುಂದಗೋಳದ ಸವಾಯಿ ಗಂಧರ್ವರು ವಿಲಂಬಿತದಲ್ಲಿ ಖ್ಯಾಲನ್ನು ಆರಂಭಿಸಿದರೆ, ಅವರಿಗೆ ದ್ರುತಗತಿ ಬಾರದೆಂದು ಯಾವ ಶ್ರೋತೃವು ಹೇಳಿಯಾನು? ಆದುದರಿಂದ ಸುಮ್ಮನೆ ಕುಳಿತ ಯಂತ್ರದ ಅಂಕಿಯನ್ನು ನೋಡಿ ನಿರ್ಣಯಿಸಲಾಗದು. ಭಾರದ ಕೆಲಸ ಕೊಟ್ಟು ನೋಡಬೇಕು.

ನಾವು ಕೊಟ್ಟೆವು. ಅಂಕಿ ಏರಲಿಲ್ಲ, ದೋಷವಿದ್ದುದು ನಿಜ. ಆದರೆ ಯಾರದು?

ನ್ಯಾಯಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂಬ ಕ್ರಮವಿದೆ. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವಿಲ್ಲದಲ್ಲಿ ಕಾರ್ಯವೂ ಇರಬಾರದು. ಆದುದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡತಕ್ಕದ್ದು. ಮೊದಲು ಸೆಟ್ಟಿಂಗ್ಸಿನಲ್ಲಿ ವಿದ್ಯುತ್ ಉಳಿತಾಯದ ಏರ್ಪಾಡನ್ನು ತೆಗೆದು ಪೂರ್ಣ ಸಾಮರ್ಥ್ಯಕ್ಕೆ ಇಟ್ಟೆವು, ಫಲವಿಲ್ಲ. ಕಾವು ಮಿತಿಮೀರಿದರೂ ಯಂತ್ರವು ಆತ್ಮರಕ್ಷಣೆಗಾಗಿ ವೇಗವನ್ನು ತಗ್ಗಿಸುವದು. ನಮ್ಮ ಎರೆಮಣ್ಣಿನ ಧೂಳೂ ಹತ್ತಿಯ ಎಳೆಯೂ ಗಾಳಿಕಿಂಡಿಗಳನ್ನು ಮುಚ್ಚುವದು ಸಾಮಾನ್ಯ. ಯಂತ್ರವನ್ನು ಆರಿಸಿ, ಮೆತ್ತನೆಯ ಕುಂಚದಿಂದ ಒರೆಸಿದೆವು. ಆದರೂ ಅಂಕಿ ಅಲ್ಲಿಯೇ ನಿಂತಿತ್ತು, ಕೈಗೆ ತಾಗುವ ಗಾಳಿಯೂ ತಣ್ಣಗಿತ್ತು.

ಉಳಿದದ್ದು ಚಾರ್ಜರು. "ಇದು ಯಂತ್ರದೊಡನೆ ಬಂದದ್ದೇನಮ್ಮಾ?" ಎಂದು ಕೇಳಿದೆವು. ಹುಡುಗಿಯು ತಲೆ ತಗ್ಗಿಸಿದಳು. ಮೂಲದ ಚಾರ್ಜರಿನ ತಂತಿಯನ್ನು ಇಲಿ ಕಡಿದಿತ್ತು. ತಂದೆ ಸಿಟ್ಟಾದಾನೆಂಬ ಭಯದಿಂದ, ಬಸ್ಸಿನ ಖರ್ಚಿನಲ್ಲಿ ಉಳಿಸಿದ ಹಣ ಕೊಟ್ಟು ಅಗ್ಗದ್ದೊಂದನ್ನು ತಂದಿದ್ದಳು. ಯಂತ್ರವು ಆರಂಭದಲ್ಲಿಯೇ ತೋರಿಸುತ್ತಿದ್ದ ಎಚ್ಚರಿಕೆಯನ್ನು ಓದದೆ ದಾಟಿಸುತ್ತಿದ್ದಳು. ಕೆಲವು ಲ್ಯಾಪ್‌ಟಾಪುಗಳು ಚಾರ್ಜರಿನ ಗುರುತನ್ನು ಕೇಳುತ್ತವೆ. ಗುರುತು ಸಿಗದಿದ್ದರೆ ಅದು ಎಷ್ಟು ಶಕ್ತಿ ಕೊಡಬಲ್ಲದೆಂದು ತಿಳಿಯದೆ, ಪ್ರೊಸೆಸರನ್ನು ಕೆಳಗಿನ ಗತಿಯಲ್ಲಿಯೇ ಹಿಡಿದಿಡುತ್ತವೆ. ಮರುದಿನ ಶಾಲೆಯ ಗುರುಗಳಿಂದ ಅದೇ ಜಾತಿಯ ಚಾರ್ಜರನ್ನು ಎರವಲು ತಂದು ಹಚ್ಚಿದೆವು. ಅಂಕಿ 2.40ನ್ನೂ ಮೀರಿತು, ಪಾವತಿಯಲ್ಲಿರುವದು ಮೂಲವೇಗವಾದುದರಿಂದ ಸ್ವಲ್ಪ ಹೊತ್ತು ಅದನ್ನು ಮೀರುವದೂ ಸಹಜವೇ. ಹಳೆಯದನ್ನು ಹಚ್ಚಿದೆವು, ಇಳಿಯಿತು. ಮತ್ತೆ ಎರವಲಿನದನ್ನು ಹಚ್ಚಿದೆವು, ಏರಿತು. ಕಾರಣವು ಸಿದ್ಧವಾಯಿತು.

ತಂದೆಯು ಮಗಳನ್ನು ಬೈಯಲಿಲ್ಲ. "ನನಗೆ ಹೇಳಬಾರದಿತ್ತೇ?" ಎಂದಷ್ಟೇ ಅಂದನು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ. ಯಂತ್ರವು ಮಂದವಾದರೆ ಭಾರದ ಕೆಲಸ ಕೊಟ್ಟು ಅಂಕಿಯನ್ನು ನೋಡಿರಿ. ಆಮೇಲೆ ವಿದ್ಯುತ್ತಿನ ಏರ್ಪಾಡು, ಧೂಳು, ಚಾರ್ಜರು, ಹೀಗೆ ಒಂದೊಂದನ್ನೇ ಪರೀಕ್ಷಿಸಿರಿ. ಹಣ ಬೇಡುವ ಉಪಾಯಗಳು ಕಡೆಗಿರಲಿ. ಅನ್ಯರ ಮೇಲಣ ಆರೋಪವು ಅವುಗಳಿಗಿಂತಲೂ ಕಡೆಗಿರಲಿ. ಆ ಪತ್ರವನ್ನು ನಾವು ಹರಿಯಲಿಲ್ಲ. ನಮ್ಮ ಮೇಜಿನ ಮೇಲೆಯೇ, ಕಣ್ಣಿಗೆ ಬೀಳುವಂತೆ ಇಟ್ಟುಕೊಂಡಿದ್ದೇವೆ.