ಹಬ್ಬದ ದಿನವೂ ಅಣಬೆಯ ದಿನವೂ

ಕ್ರಿಸ್‌ಮಸ್ ಡಿಸೆಂಬರ್ 25ರಂದು ಬರುವುದೆಂಬುದನ್ನು ಎಲ್ಲರೂ ಬಲ್ಲರು. ಆದರೆ ದಕ್ಷಿಣ ಇಂಗ್ಲೆಂಡಿನಲ್ಲಿ ನಾನು ಅತಿಥಿಯಾಗಿದ್ದ ಮನೆಯವರು ಅದನ್ನು ನವೆಂಬರ್ ಕೊನೆಯ ಭಾನುವಾರವೇ ಆಚರಿಸಿಬಿಟ್ಟರು. ಹಿರಿಯ ಮಗಳು ದಾದಿ. ಹಬ್ಬದಂದು ಅವಳಿಗೆ ರಜೆಯಿಲ್ಲ. ಎಲ್ಲರೂ ಕೂಡಿದ ದಿನವೇ ಹಬ್ಬವೆಂಬುದು ತಾಯಿಯ ತೀರ್ಮಾನ. ಊಟವಾದ ಬಳಿಕ ಸಮೀಪದ ಕಾಡಿಗೆ ನಡೆದೆವು.

ಓಕ್ ಮರಗಳ ಎಲೆ ಬಹುಪಾಲು ಉದುರಿತ್ತು. ಕೊಳೆತ ಮೋಟೊಂದರ ಮೇಲೆ, ಆಗತಾನೆ ಆರಿಸಿದ ಬತ್ತಿಗಳಂತೆ, ಕಪ್ಪು ಕಾಲಿನ ಬೆಳ್ಳನೆಯ ತುದಿಯ ಶಿಲೀಂಧ್ರಗಳು ನಿಂತಿದ್ದುವು. ಎಲ್ಡರ್ ಗಿಡದ ಕೊಂಬೆಗೆ ಮನುಷ್ಯನ ಕಿವಿಯನ್ನೇ ಹೋಲುವ ಮೆತ್ತನೆಯ ಅಣಬೆಗಳು ಅಂಟಿಕೊಂಡಿದ್ದುವು. ಬರ್ಚ್ ಮರದಡಿಯಲ್ಲಿ ಕೆಂಪು ಕೊಡೆಯ ಮೇಲೆ ಬಿಳಿಯ ಚುಕ್ಕೆಗಳ ಅಣಬೆಯೊಂದಿತ್ತು. ಕಣ್ಣಿಗೆ ಸೊಗಸು, ಹೊಟ್ಟೆಗೆ ವಿಷ. ಅದನ್ನು ಕಂಡು ಮನೆಯ ಅಜ್ಜ, “ನನ್ನ ಬಾಲ್ಯದಲ್ಲಿ ಇವು ಇಷ್ಟು ತಡವಾಗಿ ಇರುತ್ತಿರಲಿಲ್ಲ” ಎಂದರು. ಮಗಳು ನಕ್ಕಳು. ನೆನಪನ್ನು ನಂಬುವುದು ಹೇಗೆ?

ನೆನಪನ್ನು ನಂಬಬೇಕಾಗಿಲ್ಲ, ಬರೆದಿಟ್ಟವರೊಬ್ಬರಿದ್ದರು. ಸಾಲ್ಸ್‌ಬರಿ ಪಟ್ಟಣದ ಸುತ್ತಣ ಕಾಡುಗಳಲ್ಲಿ ಎಡ್ವರ್ಡ್ ಗ್ಯಾಂಜ್ ಎಂಬ ಹವ್ಯಾಸಿಯು 1950ರಿಂದ ಅರ್ಧ ಶತಮಾನಕ್ಕೂ ಮಿಕ್ಕಿ, ಯಾವ ಅಣಬೆ ಎಲ್ಲಿ, ಯಾವ ದಿನ ಕಂಡಿತೆಂಬುದನ್ನು ಗುರುತು ಹಾಕಿಕೊಂಡರು. ಅವರ ಮಗ ಅಲನ್ ಗ್ಯಾಂಜ್ ವಿಶ್ವವಿದ್ಯಾಲಯದ ವಿಜ್ಞಾನಿ. ತಂದೆಮಕ್ಕಳು ಇನ್ನಿಬ್ಬರೊಡನೆ ಸೇರಿ 315 ಜಾತಿಗಳ ಲೆಕ್ಕವನ್ನು 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1950ರ ದಶಕದಲ್ಲಿ ಶರತ್ಕಾಲದ ಅಣಬೆಗಳ ಋತು ಸರಾಸರಿ 33 ದಿನ. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಸುಮಾರು 75 ದಿನ! ಹಿಂದೆ ಶರತ್ಕಾಲದಲ್ಲಿ ಮಾತ್ರ ಏಳುತ್ತಿದ್ದ ಕೆಲವು ವಸಂತದಲ್ಲಿಯೂ ತಲೆಯೆತ್ತತೊಡಗಿದ್ದುವು.

ಇದರಲ್ಲಿ ಹೆಚ್ಚೇನೆಂದು ವಾಚಕರು ಕೇಳಬಹುದು. ನಾವು ಕಾಣುವ ಅಣಬೆ ಫಲ ಮಾತ್ರ. ಅದರ ನಿಜವಾದ ಶರೀರ ನೂಲಿಗಿಂತಲೂ ನವಿರಾದ ಎಳೆಗಳ ಜಾಲವಾಗಿ ಮಣ್ಣಿನಲ್ಲಿಯೋ ಮರದಲ್ಲಿಯೋ ಹರಡಿರುತ್ತದೆ. ಕೆಲವು ಜಾಲಗಳು ಸತ್ತ ಎಲೆ ಕಟ್ಟಿಗೆಗಳನ್ನು ಜೀರ್ಣಿಸುತ್ತವೆ. ಕೆಂಪು ಕೊಡೆಯಂಥವು ಮರದ ಬೇರನ್ನು ಹೊಂದಿಕೊಂಡು ನೀರನ್ನೂ ಲವಣಗಳನ್ನೂ ಕೊಟ್ಟು ಸಕ್ಕರೆಯನ್ನು ಪಡೆಯುತ್ತವೆ. ಫಲ ಬಿಡುವ ವೇಳೆಯನ್ನು ಬಹುಮಟ್ಟಿಗೆ ನಿರ್ಧರಿಸುವುವು ತೇವ ಮತ್ತು ಶಾಖ. 1752ರಲ್ಲಿ ಬ್ರಿಟನ್ ತನ್ನ ಕ್ಯಾಲೆಂಡರಿನಿಂದ 11 ದಿನಗಳನ್ನು ಕಿತ್ತುಹಾಕಿದುದು ಅಣಬೆಗಳಿಗೆ ತಿಳಿದೇ ಇರಲಾರದು. ಅಂಥವು ತಮ್ಮ ದಿನವನ್ನು ಬದಲಿಸಿದರೆ ನೆಲದೊಳಗಣ ವ್ಯವಹಾರವೇ ಬದಲಾಗುತ್ತಿದೆಯೆಂದು ತಿಳಿಯತಕ್ಕದ್ದು.

ನಮ್ಮಲ್ಲಿ ಇಂಥ ಪುಸ್ತಕ ಏಕಿಲ್ಲ? ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆ ಬಿದ್ದೊಡನೆ ಹುತ್ತದ ಅಣಬೆಯನ್ನೂ ಕಲ್ಲಣಬೆಯನ್ನೂ ಹುಡುಕಿ ಹೊರಡುವ ಮನೆಗಳೆಷ್ಟೋ! ಗುಡುಗಿದರೆ ಅಣಬೆ ಏಳುವುದೆಂಬ ಮಾತೂ ಉಂಟು. ನೋಡುವ ಕಣ್ಣಿಗೆ ನಮ್ಮಲ್ಲಿ ಬಡತನವಿಲ್ಲ. ಬರೆಯುವ ಕೈಗೇ ಆಲಸ್ಯ. ಸಾರು ಮಾಡಿ ಉಂಡಮೇಲೆ ತಾರೀಖನ್ನು ಮರೆಯುತ್ತೇವೆ. ಅಣಬೆ ಏಳುವ ಜಾಗದ ಗುಟ್ಟನ್ನು ನೆರೆಯವರಿಗೆ ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ, ಅಷ್ಟು ತ್ಯಾಗ ಯಾರಿಂದಲೂ ಆಗದು. ಊರು, ದಿನ, ಮೊದಲ ಮಳೆಯ ದಿನ, ಮನೆಯಲ್ಲಿ ಕರೆಯುವ ಹೆಸರು: ಇಷ್ಟನ್ನು ಬರೆದಿಟ್ಟರೆ ಸಾಕು. ಒಂದು ವರ್ಷದ ಬರೆಹದಿಂದ ಏನೂ ತಿಳಿಯದು. ಮೂವತ್ತು ವರ್ಷದ್ದು ಕೈಗೆ ಸಿಕ್ಕರೆ ವಿಜ್ಞಾನಿಗೆ ಅದು ಅಮೂಲ್ಯ, ಮತ್ತು ಅದನ್ನು ಹಿಂದಕ್ಕೆ ಹೋಗಿ ಸಂಪಾದಿಸಲು ಬಾರದು.

ಆ ಸಂಜೆ ಅಜ್ಜ ಅಡುಗೆಮನೆಯ ಕ್ಯಾಲೆಂಡರನ್ನು ಗೋಡೆಯಿಂದಿಳಿಸಿ ಮೊಮ್ಮಗಳ ಮುಂದಿಟ್ಟರು. ‘ಹಬ್ಬ’ ಎಂದು ಮೊದಲೇ ಗುರುತು ಹಾಕಿದ್ದ ಮನೆಯಲ್ಲಿ ಜಾಗ ಸಾಲದೆ, ಅವಳು ಕೆಂಪು ಅಣಬೆಯನ್ನು ಅಂಚಿನಲ್ಲಿ ಬರೆದಳು.