ಫಿಲ್ಟರ್ ಹಾಕಿದವರೇ ತೆಗೆಯುವ ದಿನವನ್ನೂ ಬರೆದುಕೊಡಲಿ

ಆಯುಕ್ತರಿಗೆ,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು

ವಿಷಯ: ರಕ್ತನಾಳದಲ್ಲಿ ತಾತ್ಕಾಲಿಕವಾಗಿ ಹಾಕಿದ ಫಿಲ್ಟರ್ ತೆಗೆಸಲು ರೋಗಿಯನ್ನು ಯಾರೂ ವಾಪಸ್ ಕರೆಯದಿರುವ ಬಗ್ಗೆ

ಮಾನ್ಯರೇ,

ಮಾಮೂಲ್‌ಪೇಟೆಯಲ್ಲಿ ನಮ್ಮದೊಂದು ಸಗಟು ಅಂಗಡಿ ಇದೆ. ಗೋದಾಮಿನ ಮೆಟ್ಟಿಲಿನಿಂದ ಬಿದ್ದು ನಮ್ಮಣ್ಣನ ತೊಡೆಮೂಳೆ ಮುರಿದಾಗ ನಗರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಆಪರೇಷನ್ನಿಗೆ ಮೊದಲೇ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಹೆಪ್ಪು ತಡೆಯುವ ಔಷಧಿ ಕೊಟ್ಟರೆ ಆಪರೇಷನ್ನಿನಲ್ಲಿ ರಕ್ತ ನಿಲ್ಲುವುದಿಲ್ಲ. ಹಾಗಾಗಿ ಹೊಟ್ಟೆಯೊಳಗಿನ ದೊಡ್ಡ ಅಭಿಧಮನಿಯಲ್ಲಿ, ಬಟ್ಟೆ ಕಿತ್ತ ಕೊಡೆಯ ಕಡ್ಡಿಗಳಂಥ ಒಂದು ಲೋಹದ ಫಿಲ್ಟರ್ ಕೂರಿಸಿದರು. ಅದು ಅಣ್ಣನನ್ನು ಉಳಿಸಿತು. ಹಾಕಿದ್ದಕ್ಕೆ ನಮ್ಮ ತಕರಾರಿಲ್ಲ.

ಮನೆಗೆ ಕಳಿಸುವಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿ ನನ್ನ ಮುಂದಿದೆ. ಹೊಲಿಗೆ ಬಿಚ್ಚಿಸುವ ತಾರೀಖು, ಮಾತ್ರೆಯ ಹೊತ್ತು, ಉಪ್ಪು ಎಷ್ಟು ತಿನ್ನಬೇಕು, ಎಲ್ಲವೂ ಅದರಲ್ಲಿದೆ. ಫಿಲ್ಟರಿನ ಬಗ್ಗೆ ಮೂರನೇ ಪುಟದ ಅಡಿಯಲ್ಲಿ ಒಂದೇ ಸಾಲು: ‘ಐವಿಸಿ ಫಿಲ್ಟರ್ ಇನ್ ಸಿಟು’, ಅಂದರೆ ಫಿಲ್ಟರ್ ಒಳಗೇ ಇದೆ ಎಂದು. ಯಾವಾಗ ತೆಗೆಸಬೇಕು, ಯಾರನ್ನು ಕಾಣಬೇಕು ಎಂಬುದಿಲ್ಲ. ಕಂಪನಿ, ಮಾಡೆಲ್, ಲಾಟ್ ನಂಬರ್ ಇರುವ ಸ್ಟಿಕ್ಕರ್ ಆಸ್ಪತ್ರೆಯ ಕೇಸ್‌ಶೀಟಿನಲ್ಲೇ ಉಳಿಯಿತು. ಹಬ್ಬಹಬ್ಬಕ್ಕೂ ಹೆಲ್ತ್ ಚೆಕಪ್ ರಿಯಾಯಿತಿಯ ಮೆಸೇಜು ಮಾತ್ರ ಅದೇ ಆಸ್ಪತ್ರೆಯಿಂದ ಅಣ್ಣನ ಫೋನಿಗೆ ಬರುತ್ತಲೇ ಇದೆ.

ಎರಡು ವರ್ಷದ ಮೇಲೆ ಸೊಂಟನೋವೆಂದು ಸಿ.ಟಿ. ಮಾಡಿಸಿದಾಗ ವಿಷಯ ಬಯಲಾಯಿತು. ಫಿಲ್ಟರ್ ವಾಲಿದೆ, ಅದರ ಕೊಕ್ಕೆ ನಾಳದ ಗೋಡೆಯಲ್ಲಿ ಹೂತಿದೆ, ಅದರ ಕಡ್ಡಿಯೊಂದು ಗೋಡೆ ದಾಟಿ ಹೊರಬಂದಿದೆ. ಹಾಕಿದ ಆಸ್ಪತ್ರೆಯಲ್ಲಿ ಕೇಳಿದರೆ, ‘ಆ ಡಾಕ್ಟರು ಈಗ ಇಲ್ಲಿಲ್ಲ, ಇಂಥದ್ದನ್ನು ನಾವು ತೆಗೆಯುವುದಿಲ್ಲ’ ಎಂದರು.

ಸಕಾಲದಲ್ಲಿ ಕರೆದಿದ್ದರೆ ಇದು ಸಣ್ಣ ಕೆಲಸ. ಕುತ್ತಿಗೆಯ ನಾಳದಿಂದ ತೆಳು ಕೊಳವೆ ಇಳಿಸಿ, ಎಕ್ಸ್‌ರೇಯಲ್ಲಿ ನೋಡುತ್ತಾ ಕುಣಿಕೆಯಿಂದ ಕೊಕ್ಕೆ ಹಿಡಿದು, ಫಿಲ್ಟರನ್ನು ಮಡಿಸಿ ಹೊರಗೆಳೆಯುತ್ತಾರೆ. ತಡವಾದಷ್ಟೂ ಕಡ್ಡಿಗಳ ಮೇಲೆ ಅಂಗಾಂಶ ಬೆಳೆದು ಬಿಗಿಯುತ್ತದೆ. ಆಗ ಬರೀ ಎಳೆದರೆ ನಾಳ ಹರಿಯಬಹುದು, ಕಡ್ಡಿ ಮುರಿದು ಹೃದಯದತ್ತ ಹೋಗಬಹುದು. ಇಕ್ಕಳದಿಂದಲೋ ಲೇಸರ್ ಕೊಳವೆಯಿಂದಲೋ ಆ ಅಂಗಾಂಶವನ್ನು ಬಿಡಿಸಬೇಕು. ಅದಕ್ಕೆ ಪಳಗಿದ ಕೈ ಬೇಕು.

ಇದೇನೂ ಹೊಸ ವಿಷಯವಲ್ಲ. 400 ರೋಗಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, ಎರಡು ವರ್ಷದೊಳಗೆ ಕಾಲಿನಲ್ಲಿ ಮತ್ತೆ ರಕ್ತ ಹೆಪ್ಪುಗಟ್ಟಿದವರು ಫಿಲ್ಟರ್ ಇದ್ದವರಲ್ಲಿ ನೂರಕ್ಕೆ ಸುಮಾರು 21, ಇಲ್ಲದವರಲ್ಲಿ 12. ಅಮೆರಿಕದ ಔಷಧ ಮತ್ತು ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಇಂಥ ಫಿಲ್ಟರ್‌ಗಳ ಬಗ್ಗೆ 2005ರಿಂದ ಬಂದ 921 ದೂರುಗಳನ್ನು ಮುಂದಿಟ್ಟು 2010ರಲ್ಲೇ ಎಚ್ಚರಿಸಿತ್ತು. ಅಪಾಯ ಕಳೆದ ರೋಗಿಗಳಿಗೆ ಹಾಕಿದ 29ರಿಂದ 54ನೇ ದಿನದೊಳಗೆ ತೆಗೆಯುವುದೇ ಲೇಸೆಂದು 2014ರಲ್ಲಿ ಹೇಳಿತು. ಹೆಪ್ಪು ತಡೆಯುವ ಔಷಧಿಯನ್ನು ಎಂದೂ ಕೊಡಲಾಗದವರಿಗೆ ಫಿಲ್ಟರ್ ಉಳಿಸಬೇಕಾಗಬಹುದು. ಹಾಗಿದ್ದರೆ ಅದನ್ನೂ ರೋಗಿಗೆ ಬಾಯಿಬಿಟ್ಟು ಹೇಳಬೇಕಲ್ಲವೇ?

ನಮ್ಮ ನಿಯಮಗಳಲ್ಲೇ ಒಂದು ತೂತಿದೆ. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಕೇಳಿದ 72 ಗಂಟೆಯಲ್ಲಿ ದಾಖಲೆ ಕೊಡಬೇಕು, ಆದರೆ ಒಳರೋಗಿಯ ದಾಖಲೆ ಕಾಯ್ದಿಡಬೇಕಾದ್ದು ಮೂರೇ ವರ್ಷ. ಫಿಲ್ಟರ್ ಅದಕ್ಕಿಂತ ಹೆಚ್ಚು ಕಾಲ ಒಳಗಿದ್ದರೆ, ಯಾವ ಮಾಡೆಲ್ ಎಂದು ತಿಳಿಯುವ ದಾರಿಯೇ ಮುಚ್ಚಬಹುದು. ತೆಗೆಯುವ ವೈದ್ಯರು ಮೊದಲು ಕೇಳುವುದು ಅದನ್ನೇ.

ಆದ್ದರಿಂದ ನಮ್ಮ ಕೋರಿಕೆ:

1. ಫಿಲ್ಟರ್ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಕಂಪನಿ, ಮಾಡೆಲ್, ಲಾಟ್ ನಂಬರ್, ಹಾಕಿದ ದಿನ, ಮರುತಪಾಸಣೆಯ ದಿನ ನಮೂದಿಸಿದ ಕಾರ್ಡನ್ನು ಕನ್ನಡದಲ್ಲಿ ಕೊಡಬೇಕು.

2. ಆಸ್ಪತ್ರೆಯಲ್ಲಿ ಇದಕ್ಕೆಂದೇ ರಿಜಿಸ್ಟರ್ ಇರಬೇಕು. ವೈದ್ಯರು ಕೆಲಸ ಬಿಟ್ಟರೂ ರೋಗಿಯನ್ನು ಕರೆಸುವ ಹೊಣೆ ಆಸ್ಪತ್ರೆಯದ್ದೇ ಆಗಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ನವೀಕರಿಸುವಾಗ ಈ ರಿಜಿಸ್ಟರನ್ನು ನೋಡಬೇಕು.

3. ಹೂತುಹೋದ ಫಿಲ್ಟರ್ ತೆಗೆಯುವ ಸೌಲಭ್ಯ ಯಾವ ಸರ್ಕಾರಿ ಆಸ್ಪತ್ರೆಯಲ್ಲಿದೆ ಎಂದು ಪ್ರಕಟಿಸಬೇಕು. ಇಲ್ಲದಿದ್ದರೆ ಒಂದು ಕಡೆಯಾದರೂ ಆರಂಭಿಸಬೇಕು. 1900ರಿಂದ ಪೇಟೆಯ ಜನ ನಂಬಿಕೊಂಡ ವಿಕ್ಟೋರಿಯಾ ಆಸ್ಪತ್ರೆ ನಮಗೆ ನಡಿಗೆಯ ದೂರದಲ್ಲಿದೆ.

4. ವೈದ್ಯಕೀಯ ಉಪಕರಣಗಳ ತೊಂದರೆ ದಾಖಲಿಸಲು ಕೇಂದ್ರ ಸರ್ಕಾರ 2015ರಲ್ಲಿ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಆರಂಭಿಸಿದೆ. ಇಂಥ ಪ್ರಕರಣಗಳನ್ನು ಆಸ್ಪತ್ರೆಗಳು ಅದಕ್ಕೆ ವರದಿ ಮಾಡಲೇಬೇಕೆಂದು ಆದೇಶಿಸಬೇಕು.

ಮೊದಲೆರಡಕ್ಕೆ ದೊಡ್ಡ ಅನುದಾನವೇನೂ ಬೇಡ, ತಮ್ಮ ಸಹಿಯ ಒಂದು ಸುತ್ತೋಲೆ ಸಾಕು. ಅಣ್ಣನ ಫಿಲ್ಟರ್ ತೆಗೆಸಲು ನಾವು ಓಡಾಡುತ್ತಿದ್ದೇವೆ, ಅದು ನಮ್ಮ ಪಾಡು. ಇವತ್ತು ಫಿಲ್ಟರ್ ಹಾಕಿಸಿಕೊಂಡು ಮನೆಗೆ ಹೊರಟವರಿಗೆ ಇನ್ನೂ ಕಾಲ ಮೀರಿಲ್ಲ. ಅವರ ಸಲುವಾಗಿಯಾದರೂ ಆ ಸುತ್ತೋಲೆಯನ್ನು ಈ ತಿಂಗಳೇ ಹೊರಡಿಸಬೇಕೆಂದು ವಿನಂತಿ.

ಇಂತಿ,
ಮಾಮೂಲ್‌ಪೇಟೆಯ ಒಬ್ಬ ವ್ಯಾಪಾರಿ