ಹಿತ್ತಿಲಿನಲ್ಲಿ ಈರುಳ್ಳಿ ಸೊಪ್ಪು ಏಕೆ ಬೆಳೆಯಬೇಕು?

ಕಲ್ಲುಗಣಿಗಳು ಬೆಟ್ಟಗಳನ್ನು ಕರಗಿಸುತ್ತಿವೆ. ನದಿಗಳಲ್ಲಿ ಮಹಾನಗರದ ಕೊಳಚೆ ಹರಿಯುತ್ತಿದೆ. ಇಂತಹ ಹೊತ್ತಿನಲ್ಲಿ ಪರಿಸರ ಪತ್ರಿಕೆಯೊಂದು ಈರುಳ್ಳಿ ಸೊಪ್ಪನ್ನು ಬೆಳೆಯಿರಿ ಎಂದು ಬರೆಯುವುದು ಕೆಲವರಿಗೆ ಹಗುರವಾಗಿ ಕಾಣಬಹುದು. ಕುಂಡದಲ್ಲಿ ನಾಲ್ಕು ಎಸಳು ಸೊಪ್ಪು ಬೆಳೆದರೆ ಗಣಿ ನಿಲ್ಲುತ್ತದೆಯೇ, ನದಿ ತಿಳಿಯಾಗುತ್ತದೆಯೇ ಎಂದು ಅವರು ಕೇಳುವುದು ಸಹಜ. ನಿಲ್ಲುವುದಿಲ್ಲ, ತಿಳಿಯಾಗುವುದಿಲ್ಲ. ಆದರೆ ನಾವು ಉಣ್ಣುವ ಸೊಪ್ಪು ಯಾವ ನೀರು ಕುಡಿದು ಬೆಳೆಯಿತು ಎಂದು ಕೇಳದ ಊರು, ನದಿಯ ಪರವಾಗಿ ಬಹಳ ದಿನ ಮಾತನಾಡಲಾರದು. ಆ ಪ್ರಶ್ನೆ ಅಡುಗೆಮನೆಯಲ್ಲಿ ಹುಟ್ಟಬೇಕೆಂಬುದು ಈ ಲೇಖನದ ವಾದ.

ಕೈಲಾಂಚ ಹೋಬಳಿಯ ಹಳ್ಳಿಗಳಿಗೆ ಸೊಪ್ಪು ಹೊಸತಲ್ಲ. ರಾಗಿ ಹೊಲದ ಅಕ್ಕಡಿ ಸಾಲುಗಳ ನಡುವೆ ತಾನಾಗಿ ಹುಟ್ಟುತ್ತಿದ್ದ ಅಣ್ಣೆಸೊಪ್ಪು, ಕಿರಕಸಾಲೆ, ಗಣಿಕೆ, ಬದುವಿನ ಹೊನಗೊನೆ ಇವೆಲ್ಲ ಸೇರಿದರೆ ಬೆರಕೆ ಸೊಪ್ಪು. ಅದರಿಂದಲೇ ಮಸ್ಸೊಪ್ಪು, ಉಪ್ಸಾರು, ಬಸ್ಸಾರು. ಕೊಯ್ದು ತರುತ್ತಿದ್ದವರು ನಮ್ಮ ತಾಯಂದಿರು, ಅಜ್ಜಿಯರು. ಯಾವ ಹೊಲದಲ್ಲಿ ಯಾವುದು, ಯಾವ ಮಳೆಗೆ ಯಾವುದು ಎಂಬ ತಿಳಿವಳಿಕೆ ಅವರದು. ಕಳೆನಾಶಕ ಬಂದ ಮೇಲೆ ಹೊಲದ ಈ ಉಚಿತ ಪಾಲು ಕಡಿಮೆಯಾಯಿತು. ರಾಗಿ ಹೊಲವೇ ಹಲವೆಡೆ ಮಾವಿನ ತೋಪಾಯಿತು, ನಿವೇಶನವಾಯಿತು. ಈಗ ಹಳ್ಳಿಯವರೂ ಸಂತೆಯಿಂದ ಕಟ್ಟು ಸೊಪ್ಪನ್ನು ಕೊಂಡು ತರುವ ಸ್ಥಿತಿ ಬಂದಿದೆ. ಆ ಕಟ್ಟು ಎಲ್ಲಿಂದ ಬಂದಿತು ಎಂದು ಅದರ ಮೇಲೆ ಬರೆದಿರುವುದಿಲ್ಲ.

ನಮ್ಮ ತಾಲ್ಲೂಕಿನಲ್ಲಿ ಇದು ಬರೀ ತರ್ಕದ ಮಾತಲ್ಲ. ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ನೋಡಿರಿ. ಬೆಂಗಳೂರಿನಲ್ಲಿ ಹುಟ್ಟುವ ವೃಷಭಾವತಿಯು ಮಹಾನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಈ ಕೆರೆಗೆ ಬರುತ್ತಾಳೆ. ಅಲ್ಲಿಂದ ಮುಂದೆ ಹರಿದು ಕನಕಪುರ ಸೀಮೆಯಲ್ಲಿ ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ವ್ಯವಸಾಯಕ್ಕೆಂದು ಕಟ್ಟಿದ ಕೆರೆ ನೊರೆಯ ಮಡುವಾಗಿದೆ. ಅಚ್ಚುಕಟ್ಟಿನ ರೈತರು ಭತ್ತ ಬಿಟ್ಟು ಮೇವಿನ ಹುಲ್ಲು, ಎಳೆ ಜೋಳಗಳ ಕಡೆ ತಿರುಗಿದ್ದಾರೆ. ಇಂತಹ ನೀರಿನಲ್ಲಿ ಬೆಳೆದ ತರಕಾರಿ, ಸೊಪ್ಪುಗಳಲ್ಲಿ ಭಾರಲೋಹಗಳು ಸೇರುತ್ತವೆಂಬುದನ್ನು ಸಂಶೋಧಕರು ಪದೇ ಪದೇ ತೋರಿಸಿದ್ದಾರೆ. ಭಾರಲೋಹವು ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಇದರಲ್ಲಿ ಅಲ್ಲಿನ ರೈತರ ತಪ್ಪೇನೂ ಇಲ್ಲ. ಬೇರೆ ನೀರೇ ಇಲ್ಲದವನು ಇರುವ ನೀರನ್ನು ಹಾಯಿಸುತ್ತಾನೆ. ತಪ್ಪು ಕೊಳಚೆಯನ್ನು ಶುದ್ಧೀಕರಿಸದೆ ಕೆಳಕ್ಕೆ ಬಿಡುವವರದು.

ಈರುಳ್ಳಿ ಸೊಪ್ಪನ್ನೇ ಏಕೆ ಆರಿಸಿಕೊಳ್ಳಬೇಕು? ಮೊದಲನೆಯದಾಗಿ, ನಾವು ಅದನ್ನು ಎಷ್ಟೋ ಸಲ ಹಸಿಯಾಗಿಯೇ ತಿನ್ನುತ್ತೇವೆ. ಆದ್ದರಿಂದ ಅದು ಕುಡಿದ ನೀರು ಮುಖ್ಯ. ಎರಡನೆಯದಾಗಿ, ಅದಕ್ಕೆ ಜಮೀನು ಬೇಡ. ಗೇಣುದ್ದ ಮಣ್ಣು, ದಿನಕ್ಕೆ ನಾಲ್ಕೈದು ಗಂಟೆಯ ಬಿಸಿಲು ಸಾಕು. ಭೂಮಿಯಿಲ್ಲದವರ ಮನೆಯಲ್ಲಿಯೂ, ವಿದ್ಯಾರ್ಥಿನಿಲಯದ ಕಿಟಕಿಯ ಪಕ್ಕದಲ್ಲಿಯೂ ಅದು ಬೆಳೆಯುತ್ತದೆ. ಮೂರನೆಯದಾಗಿ, ಗೆಡ್ಡೆಗಿಂತ ಹಸಿರು ಎಲೆಯಲ್ಲಿ ಎ ಮತ್ತು ಸಿ ಜೀವಸತ್ವಗಳು ಹೆಚ್ಚು. ರಾಗಿ ರೊಟ್ಟಿಯ ಹಿಟ್ಟಿಗೆ ಒಂದು ಹಿಡಿ ಹೆಚ್ಚಿ ಹಾಕಿದರೆ ಅದರ ರುಚಿಯನ್ನು ಬೇರೆ ಹೇಳಬೇಕಾಗಿಲ್ಲ.

ಬೆಳೆಯುವ ಕ್ರಮ ಸರಳವಾದುದು. ಮಾರಲಾಗದ ಸಣ್ಣ ಗೆಡ್ಡೆಗಳು, ಮೊಳಕೆಯೊಡೆದು ಮೂಲೆಗೆ ಬಿದ್ದ ಗೆಡ್ಡೆಗಳು ಇದಕ್ಕೆ ಸಾಕು. ನಮ್ಮ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಬೆರೆಸಿ, ಮಣ್ಣು ಗಟ್ಟಿಯಾಗಿದ್ದರೆ ಸ್ವಲ್ಪ ಮರಳನ್ನೂ ಸೇರಿಸಬೇಕು. ಕುಂಡವಾದರೆ ಆರರಿಂದ ಎಂಟು ಅಂಗುಲ ಆಳವಿರಲಿ, ತಳದಲ್ಲಿ ತೂತಿರಲೇಬೇಕು. ಒಡೆದ ಬಿಂದಿಗೆ, ಹಳೆಯ ಎಣ್ಣೆ ಡಬ್ಬ, ಸಿಮೆಂಟು ಚೀಲ ಯಾವುದಾದರೂ ಆಗಬಹುದು. ಔಷಧಿಯ ಡಬ್ಬ ಮಾತ್ರ ಎಂದಿಗೂ ಬೇಡ. ಗೆಡ್ಡೆಗಳನ್ನು ಎರಡು ಅಂಗುಲ ಅಂತರದಲ್ಲಿ, ತುದಿ ಮಣ್ಣಿನ ಮಟ್ಟದಲ್ಲಿ ಕಾಣುವಂತೆ ಊರಬೇಕು. ಮೂರು ನಾಲ್ಕು ವಾರಗಳಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ಬುಡದಿಂದ ಒಂದಂಗುಲ ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೀಗೆ ಎರಡು ಮೂರು ಕೊಯ್ಲು ಸಿಗುತ್ತದೆ. ಸಂತೆಯಿಂದ ತಂದ ಸೊಪ್ಪಿನ ಬೇರಿರುವ ಬಿಳಿಯ ಬುಡವನ್ನು ಎಸೆಯದೆ ಊರಿದರೂ ಅದು ಚಿಗುರುತ್ತದೆ.

ಆರೈಕೆಯಲ್ಲಿ ಜನ ಎಡವುವುದು ನೀರಿನಲ್ಲಿ. ಈರುಳ್ಳಿಯ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಆದ್ದರಿಂದ ಅದಕ್ಕೆ ನೀರು ಸ್ವಲ್ಪ ಸ್ವಲ್ಪವಾಗಿ, ಆದರೆ ಮೇಲಿಂದ ಮೇಲೆ ಬೇಕು. ಒಮ್ಮೆಗೇ ತುಂಬಿಸಿ ಎಂಟು ದಿನ ಮರೆತರೆ ಒಣಗುತ್ತದೆ; ನಿಂತ ನೀರಿನಲ್ಲಿ ಗೆಡ್ಡೆ ಕೊಳೆಯುತ್ತದೆ. ಬೆರಳನ್ನು ಮಣ್ಣಿಗೆ ಊರಿ ತೇವವಿಲ್ಲದಿದ್ದರೆ ನೀರು ಕೊಟ್ಟರಾಯಿತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಂದು ಮಡಿಗೆ ಸಾಕಾಗುತ್ತದೆ. ಸೋಪಿನ ನೀರನ್ನು ಹಾಕಬಾರದು.

ಇನ್ನು ಕೀಟದ ವಿಚಾರ. ಎಲೆಯ ಮೇಲೆ ಬೆಳ್ಳಿಯಂತಹ ಗೀರುಗಳು ಕಂಡರೆ ಅದು ಥ್ರಿಪ್ಸ್ ನುಸಿಯ ಕೆಲಸ. ಬಿಸಿಲು ದಿನಗಳಲ್ಲಿ ಇದರ ಹಾವಳಿ ಹೆಚ್ಚು. ಮಳೆಗಾಲದಲ್ಲಿ ನೇರಳೆ ಮಚ್ಚೆ ರೋಗ ಬರುತ್ತದೆ. ಅಂಗಡಿಯವರು ಎರಡಕ್ಕೂ ಬಾಟಲಿ ಕೊಡುತ್ತಾರೆ. ರೇಷ್ಮೆ ಸಾಕುವ ನಾವು ಇಲ್ಲಿ ಎರಡು ಬಾರಿ ಯೋಚಿಸಬೇಕು. ಪಕ್ಕದ ಬೆಳೆಗೆ ಹೊಡೆದ ಕೀಟನಾಶಕ ಗಾಳಿಯಲ್ಲಿ ಹಿಪ್ಪುನೇರಳೆಗೆ ತಗುಲಿದರೆ ಚಂದ್ರಂಕಿ ಏರಬೇಕಾದ ಹುಳು ತಟ್ಟೆಯಲ್ಲೇ ಸಾಯುತ್ತದೆ. ಇದನ್ನು ಹುಳು ಮೇಯಿಸಿದವರಿಗೆ ಹೇಳಿಕೊಡಬೇಕಾಗಿಲ್ಲ. ಬೇವಿನ ಕಷಾಯವೂ ಹುಳುವಿಗೆ ಆಗುವುದಿಲ್ಲ. ಕೈತೋಟದ ಮಡಿಗೆ ಔಷಧಿಯ ಅಗತ್ಯವೇ ಇಲ್ಲ. ನುಸಿ ಕಂಡಾಗ ಎಲೆಗಳ ಸಂದಿಗೆ ತಣ್ಣೀರನ್ನು ರಭಸವಾಗಿ ಎರಚಿ ತೊಳೆಯುವುದು, ಮಚ್ಚೆ ಬಿದ್ದ ಎಲೆಯನ್ನು ಕಿತ್ತು ದೂರ ಹಾಕುವುದು, ಗಿಡಗಳ ನಡುವೆ ಗಾಳಿಯಾಡಲು ಬಿಡುವುದು, ಅದೇ ಮಡಿಯಲ್ಲಿ ಮತ್ತೆ ಮತ್ತೆ ಈರುಳ್ಳಿ ಹಾಕದಿರುವುದು, ಇಷ್ಟು ಸಾಕು. ನಮ್ಮ ಹುಳುಮನೆಗಳ ಹಿಕ್ಕೆ ಮತ್ತು ಉಳಿದ ಕಡ್ಡಿಸೊಪ್ಪು ಒಳ್ಳೆಯ ಗೊಬ್ಬರ. ಆದರೆ ಅದರಲ್ಲಿ ರೋಗಾಣುಗಳಿರುವುದರಿಂದ ಹುಳುಮನೆಯಿಂದ ದೂರ ಗುಂಡಿಯಲ್ಲಿ ಪೂರ್ಣ ಕಳಿಯುವವರೆಗೆ ಮುಟ್ಟಬಾರದು.

ಗೆಡ್ಡೆಯಿಂದ ಬೆಳೆಯುವುದು ಸುಲಭವಾದರೂ ಬೀಜದ ವಿಚಾರವನ್ನು ಬಿಡಬಾರದು. ಈರುಳ್ಳಿ ಬೀಜದ ಆಯುಸ್ಸು ಬಹಳ ಕಡಿಮೆ. ಸಾಮಾನ್ಯವಾಗಿ ಇಟ್ಟರೆ ವರ್ಷ ಕಳೆಯುವುದರೊಳಗೆ ಮೊಳೆಯುವ ಶಕ್ತಿ ಕುಂದುತ್ತದೆ. ಪ್ರತಿವರ್ಷ ಯಾರಾದರೂ ಬೀಜ ಮಾಡದಿದ್ದರೆ ತಳಿ ಉಳಿಯುವುದಿಲ್ಲ. ಚಳಿಗಾಲದ ಆರಂಭದಲ್ಲಿ ಐದಾರು ಒಳ್ಳೆಯ ಗೆಡ್ಡೆಗಳನ್ನು ಊರಿ ಕೊಯ್ಯದೆ ಬಿಟ್ಟರೆ ದಂಟು ಎದ್ದು ಬಿಳಿಯ ಹೂಗೊಂಚಲು ಬರುತ್ತದೆ. ಅಲ್ಲಿಗೆ ತುಡುವೆ ಬರುತ್ತದೆ, ನಮ್ಮ ಬಂಡೆಗಳ ಹೆಜ್ಜೇನೂ ಬರುತ್ತದೆ; ಅವು ಬಾರದಿದ್ದರೆ ಕಾಳು ಕಟ್ಟುವುದಿಲ್ಲ. ಬಂಡೆ ಸಿಡಿದಾಗ ಹೆಜ್ಜೇನು ನೆಲೆ ತಪ್ಪುವುದಕ್ಕೂ ಹಿತ್ತಿಲಿನಲ್ಲಿ ಬೀಜ ಕಟ್ಟದಿರುವುದಕ್ಕೂ ಇರುವ ನಂಟು ವಿದ್ಯಾರ್ಥಿಗಳಿಗೆ ಇಲ್ಲಿಯೇ ಕಣ್ಣಿಗೆ ಕಾಣುತ್ತದೆ. ಅರ್ಕಾವತಿಯ ಮೇಲ್ಭಾಗದ ಹೆಸರಘಟ್ಟದಲ್ಲಿರುವ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಅರ್ಕ ಕಲ್ಯಾಣ್, ಅರ್ಕ ನಿಕೇತನ್, ಗುಲಾಬಿ ಈರುಳ್ಳಿಯ ಬಗೆಯ ಅರ್ಕ ಬಿಂದು ಮುಂತಾದ ತಳಿಗಳನ್ನು ಹೊರತಂದಿದೆ. ಸಂಕರ ತಳಿಗಳನ್ನು ಬಿಟ್ಟು ಇಂತಹವುಗಳಿಂದ ನಾವೇ ಬೀಜ ಮಾಡಿಕೊಳ್ಳಬಹುದು.

ಎಲ್ಲರೂ ಮನೆಯಲ್ಲೇ ಬೆಳೆದರೆ ಈರುಳ್ಳಿ ರೈತನ ಗತಿಯೇನು ಎಂಬ ಆಕ್ಷೇಪವೂ ಇದೆ. ರೈತನ ಗತಿ ಕೆಟ್ಟಿರುವುದು ನಮ್ಮ ಕುಂಡಗಳಿಂದಲ್ಲ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಿಲೋ ಈರುಳ್ಳಿ 200 ರೂಪಾಯಿ ಮುಟ್ಟಿತ್ತು. ಮತ್ತೆ ಕೆಲವು ವರ್ಷ ಇದೇ ಈರುಳ್ಳಿಯನ್ನು ರೈತರು ರಸ್ತೆಗೆ ಸುರಿದರು. ಬೆಲೆ ಏರಿದಾಗಲೆಲ್ಲ, 2019ರ ಸೆಪ್ಟೆಂಬರ್‌ನಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, 2023ರ ಡಿಸೆಂಬರ್‌ನಲ್ಲಿ, ಕೇಂದ್ರ ಸರ್ಕಾರ ರಫ್ತನ್ನು ನಿಷೇಧಿಸಿತು. 2015ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ನಮ್ಮ ಬೆಂಗಳೂರು ಗುಲಾಬಿ ಈರುಳ್ಳಿ ಹೆಚ್ಚಾಗಿ ಹೊರದೇಶಕ್ಕೆ ಹೋಗುವಂಥದು. ಅದಕ್ಕೂ 2020ರಲ್ಲಿ ಬಾಗಿಲು ಮುಚ್ಚಿತು. ಕೋಲಾರ, ಚಿಕ್ಕಬಳ್ಳಾಪುರಗಳ ಬೆಳೆಗಾರರು ಪಟ್ಟುಹಿಡಿದು ಕೇಳಿದ ಮೇಲೆ ಅಕ್ಟೋಬರ್‌ನಲ್ಲಿ 10,000 ಟನ್ನಿಗೆ ವಿನಾಯಿತಿ ಸಿಕ್ಕಿತು. ರೈತನನ್ನು ಕಾಡುವುದು ಈ ಅನಿಶ್ಚಿತತೆ. ಹಿತ್ತಿಲಿನ ಮಡಿ ಕೊಡುವುದು ಸೊಪ್ಪನ್ನು. ಗೆಡ್ಡೆಯನ್ನು ನಾವು ಚಿತ್ರದುರ್ಗ, ಗದಗ, ಚಿಕ್ಕಬಳ್ಳಾಪುರಗಳ ರೈತರಿಂದಲೇ ಕೊಳ್ಳಬೇಕು, ನ್ಯಾಯವಾದ ಬೆಲೆಗೆ ಕೊಳ್ಳಬೇಕು. ಬೀಜ ಮಾಡಿ ಕಾದವನಿಗೆ, ಒಂದು ಮಳೆ ಹೆಚ್ಚಾಗಿ ಬುಡ ಕೊಳೆತದ್ದನ್ನು ಕಂಡವನಿಗೆ ಬೆಳೆದವನ ಕಷ್ಟ ಅರ್ಥವಾಗುತ್ತದೆ. ಅವನು ಚೌಕಾಸಿ ಮಾಡುವಾಗ ಸ್ವಲ್ಪ ತಡೆಯುತ್ತಾನೆ.

ಈ ಕೆಲಸಕ್ಕೆ ಶಾಲೆ ಒಳ್ಳೆಯ ಸ್ಥಳ. ಬಿಸಿಯೂಟದ ಅಡುಗೆಮನೆಯಲ್ಲಿ ಅಕ್ಕಿ ತೊಳೆದ ನೀರು ದಿನವೂ ಚರಂಡಿಗೆ ಹೋಗುತ್ತದೆ. ಅದನ್ನು ಒಂದು ಮಡಿಗೆ ತಿರುಗಿಸಿದರೆ ಮಕ್ಕಳ ಸಾರಿಗೆ ಅವರೇ ಬೆಳೆದ ಸೊಪ್ಪು ಬೀಳುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಸಂತೆಯಲ್ಲಿ ಸೊಪ್ಪು ಮಾರುವವರನ್ನು ವಿನಯದಿಂದ ಕೇಳಿ, ಯಾವ ಊರಿನದು, ಬಾವಿಯ ನೀರೋ ಕೊಳವೆಬಾವಿಯದೋ ಕೆರೆಯದೋ ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಆರು ತಿಂಗಳಿನಲ್ಲಿ ನಮ್ಮ ಊಟದ ನಕ್ಷೆಯೊಂದು ಸಿದ್ಧವಾಗುತ್ತದೆ. ಗ್ರಾಮಸಭೆಯಲ್ಲಿ ವೃಷಭಾವತಿಯ ಮಾತೆತ್ತುವಾಗ ಘೋಷಣೆಗಿಂತ ಆ ಪುಸ್ತಕಕ್ಕೆ ತೂಕ ಹೆಚ್ಚು.

ಬೆಟ್ಟ ಉಳಿಸುವ ಹೋರಾಟಕ್ಕೆ ಕೈತೋಟವು ಬದಲಿಯಲ್ಲ. ಅರ್ಜಿ, ಸಭೆ, ನ್ಯಾಯಾಲಯ ಎಲ್ಲವೂ ಬೇಕು, ಅವು ನಡೆಯುತ್ತಿರಲಿ. ಆದರೆ ಆ ಹೋರಾಟಗಳು ವರ್ಷಗಟ್ಟಲೆ ಎಳೆಯುತ್ತವೆ, ಜನ ದಣಿಯುತ್ತಾರೆ. ಈರುಳ್ಳಿ ಸೊಪ್ಪು ತಿಂಗಳೊಳಗೆ ಕೈಗೆ ಬರುತ್ತದೆ. ಮಣ್ಣು, ನೀರು, ಬೀಜ, ಜೇನು ಇವುಗಳೊಡನೆ ದಿನವೂ ಒಡನಾಡುವವನಿಗೆ ಅವುಗಳ ಪರವಾಗಿ ನಿಲ್ಲುವುದು ಮತ್ತೊಬ್ಬರು ಹೇಳಿಕೊಟ್ಟ ಕೆಲಸವಾಗಿ ಉಳಿಯುವುದಿಲ್ಲ. ಈ ವಾರ ಮನೆಯಲ್ಲಿ ಮೊಳೆತ ಈರುಳ್ಳಿಯನ್ನು ತಿಪ್ಪೆಗೆ ಎಸೆಯಬೇಡಿ. ನಾಲ್ಕನ್ನು ಊರಿ, ನೀರು ಹಾಕುವಾಗ ಆ ನೀರು ಎಲ್ಲಿಂದ ಬಂದಿತು ಎಂದು ಮನೆಯ ಮಕ್ಕಳನ್ನು ಕೇಳಿ.